ಕೆಲಸದಿಂದ ತೆಗೆದ ಮೇಲೆ ಭತ್ಯೆ ಕೇಳುವುದು ತಪ್ಪೇ?



ಕಳೆದ ತಿಂಗಳು ಭಾನುವಾರದ ಬಲಿಪೂಜೆಯ ನಂತರ ನಡೆದ ಯುವಜನರ ಸಭೆಗೆ ಕಲ್ಯಾಣದುರ್ಗದ ಕಡೆಯ ಒಬ್ಬ ಅಕ್ಕ ಬಂದಿದ್ದರು. ಹಿಂದೂಪುರದಲ್ಲಿ ರೂಮು ಮಾಡಿಕೊಂಡು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದವರು. ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಇ.ಎಸ್.ಐ. ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಮತ್ತು ಇಂಗ್ಲಿಷಿನ ಒಂದು ಹಾಳೆ. "ಇದ್ರಲ್ಲಿ ಏನಿದೆ, ಸ್ವಲ್ಪ ಓದಿ ಹೇಳ್ತೀರಾ?" ಎಂದರು. ದುರ್ನಡತೆಗಾಗಿ ಕೆಲಸದಿಂದ ತೆಗೆಯಲಾಗಿದೆ, ಇದಕ್ಕೆ ನನ್ನ ಒಪ್ಪಿಗೆ ಇದೆ ಎಂದು ಅದರಲ್ಲಿತ್ತು. ಕೆಳಗೆ ಅವರದೇ ಸಹಿ. ಅವರಿಗೆ ಕನ್ನಡ ಓದಲು ಬರುತ್ತದೆ, ತೆಲುಗು ಮಾತಾಡಲು ಬರುತ್ತದೆ, ಇಂಗ್ಲಿಷ್ ಬಾರದು.

ಆದದ್ದು ಇಷ್ಟು. ಲೇಪಾಕ್ಷಿ ಕಡೆಯಿಂದ ಬರುವ ಗೆಳತಿಯ ಬಸ್ಸು ತಡವಾದಾಗ ಆಕೆಯ ಹಾಜರಿ ಕಾರ್ಡನ್ನು ಇವರು ಪಂಚ್ ಮಾಡಿದ್ದರು. ಒಂದೇ ಸಲ ಎಂದು ಇವರು, ಬಹಳ ದಿನದಿಂದ ಎಂದು ಸೂಪರ್‌ವೈಸರ್. ಅದರ ಜೊತೆಗೆ ಪೀಸುಗಳ ಲೆಕ್ಕದಲ್ಲಿಯೂ ಮೋಸ ಮಾಡಿದ್ದಾರೆಂಬ ಇನ್ನೊಂದು ಆರೋಪ. ಅದನ್ನು ಇವರು ಸುತರಾಂ ಒಪ್ಪುವುದಿಲ್ಲ. ಆರೋಪಪಟ್ಟಿ ಕೊಡಲಿಲ್ಲ, ವಿಚಾರಣೆ ನಡೆಯಲಿಲ್ಲ. ಅರ್ಧ ಗಂಟೆಯಲ್ಲಿ ಗೇಟಿನ ಹೊರಗಿದ್ದರು.

ಇ.ಎಸ್.ಐ. ಕಾರ್ಡು ಇರುವವರಿಗೆ ಕೆಲಸ ಹೋದರೆ ನೆರವಾಗಲು ಒಂದು ಯೋಜನೆ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 2018ರ ಜುಲೈನಲ್ಲಿ ಶುರುವಾದ ಅದರ ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ಮೊದಲು ದಿನದ ಸರಾಸರಿ ಕೂಲಿಯ ಶೇ. 25ರಷ್ಟು ಕೊಡುತ್ತಿದ್ದರು, ಕೊರೊನಾ ಬಂದ 2020ರಲ್ಲಿ ಅದನ್ನು ಶೇ. 50ಕ್ಕೆ ಏರಿಸಿದರು. ಜೀವನದಲ್ಲಿ ಹೆಚ್ಚೆಂದರೆ 90 ದಿನಕ್ಕೆ ಸಿಗುತ್ತದೆ. ದಿನಕ್ಕೆ 400 ರೂಪಾಯಿ ದುಡಿಯುತ್ತಿದ್ದವರಿಗೆ 200 ರೂಪಾಯಿ, ಒಟ್ಟು 18,000. ಅರ್ಜಿಯನ್ನು ಮಾಲೀಕರ ಮೂಲಕವೇ ಕಳುಹಿಸಬೇಕೆಂಬ ನಿಯಮವನ್ನೂ ಅದೇ ವರ್ಷ ಸಡಿಲಿಸಿ, ಕಾರ್ಮಿಕರೇ ನೇರವಾಗಿ ಕೊಡಬಹುದೆಂದರು. ಆದರೆ ಒಂದು ಷರತ್ತು ಇದೆ. ದುರ್ನಡತೆಯ ಶಿಕ್ಷೆಯಾಗಿ ಕೆಲಸ ಹೋಗಿದ್ದರೆ ಈ ಹಣವಿಲ್ಲ. ತಾವಾಗಿಯೇ ಕೆಲಸ ಬಿಟ್ಟವರಿಗೂ ಇಲ್ಲ.

ಸಭೆಯಲ್ಲಿ ಮಾತು ಬಿಸಿಯಾಯಿತು. ಹಿರಿಯರೊಬ್ಬರು, "ತಪ್ಪು ಮಾಡಿ ಕೆಲಸ ಕಳಕೊಂಡು ಸರ್ಕಾರದ ದುಡ್ಡು ಕೇಳೋದೇನಪ್ಪಾ?" ಎಂದರು. ನಮ್ಮ ಹುಡುಗರಲ್ಲಿ ಕೆಲವರು, "ಆರ್ಡರ್ ಇಲ್ಲ ಅಂತ ತೆಗೆದರು ಎಂದು ಬರೆದುಬಿಡಿ ಅಕ್ಕ, ಯಾರು ನೋಡ್ತಾರೆ?" ಎಂದರು. ಒಂದು ಕ್ಷಣ ನಮಗೂ ಅದೇ ಸರಿ ಎನ್ನಿಸಿತ್ತು. ಲೂಕನ ಶುಭಸಂದೇಶದ 16ನೇ ಅಧ್ಯಾಯದ ಮೇಸ್ತ್ರಿಯೂ ಹೀಗೇ ಮಾಡಿದ. ಯಾರೋ ದೂರು ಹೇಳಿದ್ದಕ್ಕೆ ಯಜಮಾನ ಲೆಕ್ಕ ಒಪ್ಪಿಸು ಎಂದ. ಇವನು ನೂರರ ಪತ್ರವನ್ನು ಐವತ್ತು ಎಂದು ತಿದ್ದಿಸಿದ. (ಅಂಥವನನ್ನು ಯಜಮಾನ ಹೊಗಳಿದ್ದೇಕೆಂದು ಫಾದರ್‌ರನ್ನು ಎಷ್ಟು ಸಲ ಕೇಳಿದರೂ ನಮಗೆ ಸಮಾಧಾನವಾಗಿಲ್ಲ.)

ಮೊದಲು ಹಿರಿಯರ ಮಾತಿಗೆ ಬರೋಣ. ಇದು ದಾನದ ದುಡ್ಡಲ್ಲ. ತಿಂಗಳಿಗೆ 12,000 ಸಂಬಳವಿದ್ದರೆ ಅದರಿಂದ ಶೇ. 0.75, ಅಂದರೆ 90 ರೂಪಾಯಿ, ಇ.ಎಸ್.ಐ.ಗೆ ಹೋಗುತ್ತದೆ, ಮಾಲೀಕರು ಶೇ. 3.25, ಅಂದರೆ 390 ರೂಪಾಯಿ, ಕಟ್ಟುತ್ತಾರೆ. ಅದೇ ಕಾರ್ಡು ಹಿಡಿದು ಡಿಸ್ಪೆನ್ಸರಿಗೆ ಹೋದರೆ ಜ್ವರ ಯಾರ ತಪ್ಪಿನಿಂದ ಬಂತೆಂದು ಕೇಳುವುದಿಲ್ಲ. ಸಂತ ಎರಡನೇ ಜಾನ್ ಪಾಲರು 1981ರ ತಮ್ಮ ವಿಶ್ವಪರಿಪತ್ರದಲ್ಲಿ ನಿರುದ್ಯೋಗಿಗಳ ಭತ್ಯೆಯನ್ನು ಬದುಕುವ ಹಕ್ಕಿಗೇ ಜೋಡಿಸಿ ಬರೆದಿದ್ದಾರೆ.

ಹಾಗೆಂದು ಷರತ್ತು ಅನ್ಯಾಯವೆಂದು ಹೇಳಲೂ ನಮಗೆ ಮನಸ್ಸಿಲ್ಲ. ಬೇಕೆಂದೇ ಕಳ್ಳತನ ಮಾಡಿದವನಿಗೂ ಅದೇ ಭತ್ಯೆ ಸಿಕ್ಕರೆ, ಪಕ್ಕದ ಮೆಷಿನ್ನಿನಲ್ಲಿ ನಿಯತ್ತಾಗಿ ದುಡಿಯುವವಳ 90 ರೂಪಾಯಿಗೆ ಏನು ಬೆಲೆ? ನಮ್ಮ ತಕರಾರು ಬೇರೆ. ದುರ್ನಡತೆ ನಡೆದಿದೆ ಎಂದು ತೀರ್ಮಾನಿಸುವವರು ಯಾರು? 2025ರವರೆಗೆ ಜಾರಿಯಲ್ಲಿದ್ದ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯ ಮಾದರಿ ನಿಯಮಗಳಲ್ಲಿ ಕಳ್ಳತನವೂ ದುರ್ನಡತೆಯೇ ಆಗಿತ್ತು, ಪದೇ ಪದೇ ತಡವಾಗಿ ಬರುವುದೂ ದುರ್ನಡತೆಯೇ ಆಗಿತ್ತು. ಅಷ್ಟು ಅಗಲವಾದ ಪದವನ್ನು ಒಬ್ಬ ಸೂಪರ್‌ವೈಸರ್ ಹಾಳೆಯ ಮೇಲೆ ಬರೆದರೆ ಮನೆಯ ಒಲೆ ಆರುತ್ತದೆ. ನಾವು ಬಿಎಸ್ಸಿ ಓದುವಾಗ ಟೈಟ್ರೇಷನ್ ಮಾಡಿದರೆ, ಎರಡು ರೀಡಿಂಗು ಒಂದಕ್ಕೊಂದು ಹೊಂದುವ ತನಕ ಲೆಕ್ಕ ಬರೆಯಲು ಮೇಷ್ಟ್ರು ಬಿಡುತ್ತಿರಲಿಲ್ಲ. ಬ್ಯೂರೆಟ್ಟಿನ ಉಪ್ಪುನೀರಿಗಿದ್ದ ಮರ್ಯಾದೆ ಈ ಅಕ್ಕನಿಗೆ ಸಿಗಲಿಲ್ಲ.

ಕೋಲಾರ ಚಿನ್ನದ ಗಣಿಯಲ್ಲಿ ನಡೆದ ಒಂದು ಪ್ರಕರಣವನ್ನು ಇಲ್ಲಿ ಹೇಳಬೇಕು. ಕ್ಯಾಪ್ಟನ್ ಎಂ. ಪಾಲ್ ಆಂಟನಿ ಎಂಬವರು ಭಾರತ್ ಗೋಲ್ಡ್ ಮೈನ್ಸ್‌ನಲ್ಲಿ ಭದ್ರತಾ ಅಧಿಕಾರಿಯಾಗಿದ್ದರು. 1985ರ ಜೂನ್‌ನಲ್ಲಿ ಪೊಲೀಸರು ಅವರ ಮನೆ ಶೋಧಿಸಿ, ಚಿನ್ನದ ಉಂಡೆ ಮತ್ತು ಚಿನ್ನವಿರುವ ಮರಳು ಸಿಕ್ಕಿತೆಂದರು. ಕೂಡಲೇ ಅಮಾನತು. ಅಮಾನತಿನಲ್ಲಿರುವವರಿಗೆ ಹೊಟ್ಟೆಪಾಡಿಗೆಂದು ಕೊಡಬೇಕಾದ ಜೀವನಾಧಾರ ಭತ್ಯೆಯನ್ನು ಅವರಿಗೆ ಕೊಡಲಿಲ್ಲ. ಮೈಯಲ್ಲಿ ಹುಷಾರಿಲ್ಲ, ವಿಚಾರಣೆಗೆ ಬರಲು ಕೈಯಲ್ಲಿ ಕಾಸಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. 1987ರಲ್ಲಿ ಕ್ರಿಮಿನಲ್ ಕೋರ್ಟು ಅವರನ್ನು ಖುಲಾಸೆ ಮಾಡಿತು. ಆದರೂ ಕಂಪನಿ ವಾಪಸು ತೆಗೆದುಕೊಳ್ಳಲಿಲ್ಲ. ಕೊನೆಗೆ 1999ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ವಜಾ ಆದೇಶವನ್ನು ರದ್ದು ಮಾಡಿತು. ಭತ್ಯೆ ತಡೆದದ್ದು ಬದುಕುವ ಹಕ್ಕಿಗೇ ಧಕ್ಕೆ ಎಂದಿತು. ಹದಿನಾಲ್ಕು ವರ್ಷ ಕಳೆದಿತ್ತು. ಮತ್ತೆರಡು ವರ್ಷದಲ್ಲಿ ಗಣಿಯೇ ಮುಚ್ಚಿತು.

ಈ ಪ್ರಕರಣದಲ್ಲಿ ನಮ್ಮನ್ನು ಕಾಡಿದ್ದು ಒಂದೇ. ಹಸಿದವನು ತನ್ನ ಪರವಾಗಿ ಮಾತಾಡಲು ಬಸ್ಸು ಹತ್ತಿ ಬರಲೂ ಆಗಲಿಲ್ಲ. ಆರೋಪ ಸಾಬೀತಾಗುವ ತನಕ ಅನ್ನ ಕೊಡುವುದು ಕರುಣೆ ಮಾತ್ರವಲ್ಲ. ಅನ್ನವಿಲ್ಲದೆ ಸತ್ಯ ಯಾವುದೆಂದು ತಿಳಿಯುವ ದಾರಿಯೇ ಮುಚ್ಚುತ್ತದೆ. ಆದ್ದರಿಂದ ಆ ಅಕ್ಕ ಅರ್ಜಿ ಹಾಕುವುದರಲ್ಲಿ ತಪ್ಪಿಲ್ಲ ಎಂದೇ ನಮ್ಮ ಅಭಿಪ್ರಾಯ. ಸುಳ್ಳು ಕಾರಣ ಬರೆಯುವುದು ಮಾತ್ರ ತಪ್ಪು. ಅದು ಸಿಕ್ಕಿಬೀಳುವ ಭಯದ ಮಾತಲ್ಲ. ಮೋಸಗಾತಿ ಎಂಬ ಆರೋಪವನ್ನು ಅಲ್ಲಗಳೆಯಲು ಹೊರಟವರು ಇನ್ನೊಂದು ಹಾಳೆಯಲ್ಲಿ ಮೋಸ ಬರೆದರೆ, ಆಮೇಲೆ ಯಾವ ಮುಖ ಹೊತ್ತು ನಿಲ್ಲುವುದು?

ಹೀಗಾಗಿ ಎರಡು ಕಾಗದ ಬರೆದೆವು. ಒಂದು ಕಾರ್ಮಿಕ ಇಲಾಖೆಗೆ: ವಿಚಾರಣೆಯಿಲ್ಲದೆ ತೆಗೆದರು, ಓದಲು ಬಾರದ ಹಾಳೆಗೆ ಸಹಿ ಹಾಕಿಸಿಕೊಂಡರು ಎಂದು. ಇನ್ನೊಂದು ಇ.ಎಸ್.ಐ. ಶಾಖಾ ಕಚೇರಿಗೆ: ಕಂಪನಿ ಹೊರಿಸಿದ ಆರೋಪ ಇದು, ನಾನು ಇದನ್ನು ಒಪ್ಪಿಲ್ಲ, ದೂರು ಕೊಟ್ಟಿದ್ದೇನೆ ಎಂದು. ಗೆಳತಿಯ ಕಾರ್ಡಿನ ವಿಷಯ ಬಂದಾಗ ನಾವು ಪೆನ್ನು ನಿಲ್ಲಿಸಿದೆವು. ಅದನ್ನು ಬರೆದರೆ 18,000 ಕೈತಪ್ಪಬಹುದು. ನಾವು ಸುಮ್ಮನಿದ್ದರೂ ಅಕ್ಕ ಸುಮ್ಮನಿರಲಿಲ್ಲ. "ಅದು ನಾನು ಮಾಡಿದ್ದೇ. ಒಂದು ಸಲ ಅಂತ ಬರೀರಿ. ಪೀಸಿಂದು ಮಾತ್ರ ಮಾಡಿಲ್ಲ ಅಂತ ದಪ್ಪಗೆ ಬರೀರಿ" ಎಂದರು.

ಬರೆದಾದ ಮೇಲೆ ಎರಡನ್ನೂ ಕನ್ನಡದಲ್ಲಿ ಹೇಳಿಸಿಕೊಂಡರು, ಮತ್ತೊಮ್ಮೆ ಹೇಳಿ ಎಂದರು, ಆಮೇಲೆ ಸಹಿ ಹಾಕಿದರು. ಉತ್ತರ ಇನ್ನೂ ಬಂದಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಹಾಳೆ ಇದ್ದರೆ ಭಾನುವಾರ ಪೂಜೆಯ ನಂತರ ತನ್ನಿ, ಓದಿ ಹೇಳುತ್ತೇವೆ. ಸಹಿ ಹಾಕುವ ಮೊದಲೇ ತಂದರೆ ಇನ್ನೂ ಒಳ್ಳೆಯದು.