ಮಡಿ, ಮಾತ್ರೆ ಮತ್ತು ಮಿದುಳು

ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ನವರಾತ್ರಿ ಪೂಜೆಗೆ ಅಡ್ಡಿಯಾಗದಿರಲೆಂದು ಮುಟ್ಟನ್ನು ಮುಂದೂಡಲು ಕೆಲವು ಯುವತಿಯರು ನುಂಗುವ ನಾರೆಥಿಸ್ಟೆರೋನ್ ಎಂಬ ಹಾರ್ಮೋನು ಮಾತ್ರೆಯ ಅಲ್ಪಾಂಶವು ದೇಹದಲ್ಲಿ ಎಸ್ಟ್ರೊಜೆನ್ ಆಗಿ ಮಾರ್ಪಟ್ಟು ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯನ್ನು ಹೆಚ್ಚಿಸಬಲ್ಲದು. ಅದರೊಡನೆ ನೀರನ್ನೂ ಕುಡಿಯದ ಉಪವಾಸ ಸೇರಿದರೆ, ಮಿದುಳಿನಿಂದ ರಕ್ತವನ್ನು ಹೊರಸಾಗಿಸುವ ಸಿರೆಗಳಲ್ಲಿ ಗರಣೆ ಕಟ್ಟಿ, ಪಾರ್ಶ್ವವಾಯುವಿನ ಒಂದು ವಿರಳ ಬಗೆ ಉಂಟಾಗುವ ಸಂಭವವಿದೆ. ದೇವರ ಮುಂದೆ ಶುಚಿಯಾಗಿ ನಿಲ್ಲಲು ದೇಹವನ್ನು ಅಪಾಯಕ್ಕೊಡ್ಡುವುದು ಧರ್ಮವೇ? 12ನೆಯ ಶತಮಾನದ ಶರಣರ ಪರಂಪರೆಯು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು, ಅಂದರೆ ಮೈಲಿಗೆಯ ಐದು ಬಗೆಗಳನ್ನು, ನಿರಾಕರಿಸಿದ್ದರಿಂದ ಅಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಸೂತಕವನ್ನು ಒಪ್ಪುವ ಮನೆಗಳಲ್ಲೂ ರೂಢಿ ಕೇಳುವುದು ಪೂಜೆಯಿಂದ ದೂರವಿರುವುದನ್ನೇ ಹೊರತು ಮುಟ್ಟನ್ನೇ ತಡೆಯುವುದನ್ನಲ್ಲ. ಧೂಮಪಾನಿಗಳು, ಕಣ್ಣಿಗೆ ಮಿಂಚು ಕಾಣಿಸುವ ಅರೆತಲೆನೋವಿನವರು, ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು ವೈದ್ಯರನ್ನು ಕೇಳದೆ ಈ ಮಾತ್ರೆ ನುಂಗಬಾರದು. ನುಂಗಿದ ಬಳಿಕ ಬಿಡದೆ ಏರುವ ತಲೆನೋವನ್ನು ಉಪವಾಸದ ಆಯಾಸವೆಂದು ತಳ್ಳಿಹಾಕಲಾಗದು.