ಇಂದಿನ ಧಮ್ಮ ಚಿಂತನೆ: ಸಾಲವಿಲ್ಲದ ಸೂರು



ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿದ ಮೇಲೆ ಸಂಬಳದಲ್ಲಿ ಉಳಿಯುವುದೆಷ್ಟು? ಮನೆ, ಮದುವೆ, ಮಕ್ಕಳು ನಮ್ಮಂಥವರಿಗೆ ಸಾಧ್ಯವೇ ಎಂದು ಮಕ್ಕಳು ಕೇಳುತ್ತಿದ್ದಾರೆ.

ಗಳಿಕೆಯನ್ನು ನಾಲ್ಕು ಪಾಲು ಮಾಡಿರಿ ಎನ್ನುತ್ತದೆ ಸಿಗಾಲೋವಾದ ಸುತ್ತ: ಒಂದು ಬಳಕೆಗೆ, ಎರಡು ದುಡಿಮೆಗೆ, ಒಂದು ಕಷ್ಟಕಾಲಕ್ಕೆ. ಬಾಡಿಗೆಯೇ ಅರ್ಧ ನುಂಗಿದರೆ ಪಾಲು ಮಾಡುವುದೇನನ್ನು? ಅದು ಗೃಹಸ್ಥನ ತಪ್ಪಲ್ಲ. ಬಡವರಿಗೆ ಧನ ಒದಗಿಸದ ರಾಜನಿಂದ ಬಡತನ ಬೆಳೆಯಿತೆಂದು ಚಕ್ಕವತ್ತಿ ಸೀಹನಾದ ಸುತ್ತ ತಿಳಿಸುತ್ತದೆ. ಸೂರು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ನಮ್ಮ ಕೈಯಲ್ಲಿರುವುದೂ ಇದೆ. ಸಾಲವಿಲ್ಲದಿರುವುದೂ ಒಂದು ಸುಖವೆಂದು ಭಗವಾನರು ಅನಾಥಪಿಂಡಿಕನಿಗೆ ಹೇಳಿದರು. ಮದುವೆಗೆ ಆತುರ ಬೇಡ, ಹೆಚ್ಚು ಮಕ್ಕಳು ಬೇಡ ಎಂದು ಬಾಬಾಸಾಹೇಬರು 1942ರಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ತಿಳಿಹೇಳಿದರು. ಛತ್ರಕ್ಕೆ ಸಾಲ ಮಾಡುವ ಬದಲು ವಿಹಾರದಲ್ಲಿ ಸರಳ ಮದುವೆ ಮಾಡೋಣ. ಆ ಹಣ ಮನೆಯ ಅಡ್ವಾನ್ಸಿಗಾಗಲಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.