ಚಾರಣವೂ ಅನರ್ಥದಂಡವ್ರತವೂ

ತುಮಕೂರು ಜಿಲ್ಲೆಯ ತೋವಿನಕೆರೆಯ ಸುತ್ತಣ ಸೀಮೆಯು ಬೆಟ್ಟಗಳ ಸೀಮೆ. ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಧುಗಿರಿ ಇವು ಸಮೀಪದವು. ಉತ್ತರಕ್ಕೆ ಹೋದರೆ ಪಾವಗಡ ಮತ್ತು ನಿಡುಗಲ್ಲು, ದಕ್ಷಿಣಕ್ಕೆ ತುಮಕೂರಿನ ಆಚೆ ಪಂಡಿತನಹಳ್ಳಿಯ ಮಂದರಗಿರಿ. ಕೋಟೆ, ಗವಿ, ಬಸದಿ, ಶಾಸನ ಇವುಗಳಲ್ಲಿ ಒಂದಾದರೂ ಇಲ್ಲದ ಬೆಟ್ಟ ಇಲ್ಲಿ ವಿರಳ. ಹಿಂದೆ ಈ ಬೆಟ್ಟಗಳನ್ನು ಹತ್ತುತ್ತಿದ್ದವರು ಕುರಿ ಕಾಯುವವರು, ಗಿಡಮೂಲಿಕೆ ಅರಸುವ ವೈದ್ಯರು ಮತ್ತು ಯಾತ್ರಿಕರು. ಈಗ ರಜಾದಿನ ಬಂದಿತೆಂದರೆ ಬೆಂಗಳೂರಿನಿಂದ ಚಾರಣದ ತಂಡಗಳು ಬರುತ್ತವೆ. ತಲೆಗೆ ಇಷ್ಟೆಂದು ಶುಲ್ಕ ಪಡೆದು, ವಾಹನ, ಉಪಾಹಾರ, ಮಾರ್ಗದರ್ಶಿ ಎಲ್ಲವನ್ನೂ ಒದಗಿಸಿ, ಬೆಟ್ಟದ ಚೆಲುವಿನೊಡನೆ ಪ್ರಾಚೀನ ಚರಿತ್ರೆಯನ್ನೂ ಸೇರಿಸಿ ಕೊಡುವ ಸಂಸ್ಥೆಗಳು ಹುಟ್ಟಿಕೊಂಡಿವೆ. ಇದು ಇಲ್ಲಿನ ವಿಶೇಷವೇನೂ ಅಲ್ಲ. ತುರ್ಕಿ ದೇಶದಲ್ಲಿ ಲಿಸಿಯಾ ಎಂಬ ಪ್ರಾಚೀನ ನಾಡಿನ ಸಮಾಧಿಗಳನ್ನೂ ಪಾಳುಪಟ್ಟಣಗಳನ್ನೂ ಜೋಡಿಸುವ ಸುಮಾರು 500 ಕಿಲೋಮೀಟರಿನ ಕಾಲುದಾರಿಯನ್ನು 1999ರಲ್ಲಿ ಗುರುತಿಸಲಾಯಿತು. ದೂರದೇಶಗಳ ಜನ ಅಲ್ಲಿಗೆ ನಡೆಯಲೆಂದೇ ಹೋಗುತ್ತಾರೆ.

ಶ್ರಾವಕರ ಮನೆಯ ಮಕ್ಕಳೂ ಈ ತಂಡಗಳಲ್ಲಿ ಇರುತ್ತಾರೆ. ಬೆಟ್ಟದ ಬಸದಿಗಳನ್ನು ನೋಡಿಕೊಳ್ಳುವ ಟ್ರಸ್ಟುಗಳೂ ಇಂತಹ ತಂಡಗಳಿಗೆ ಇಂಬು ಕೊಡಬಹುದೆ, ಬಾರದೆ ಎಂದು ಯೋಚಿಸಬೇಕಾಗುತ್ತದೆ. ಆದ್ದರಿಂದ ವಿನೋದಕ್ಕಾಗಿ ಬೆಟ್ಟವೇರುವುದು ವ್ರತಿಕನಾದ ಗೃಹಸ್ಥನಿಗೆ ಸಲ್ಲುವುದೆ ಎಂಬ ಪ್ರಶ್ನೆಯನ್ನು ಶಾಸ್ತ್ರದ ಬೆಳಕಿನಲ್ಲಿ ಪರಿಶೀಲಿಸುವುದು ಅವಶ್ಯ.

ಪರ್ವತಾರೋಹಣದ ಮಾತು ಶ್ರಾವಕಾಚಾರದಲ್ಲಿ ಎಲ್ಲಿಂದ ಬರಬೇಕು ಎಂದು ಕೆಲವರು ಕೇಳಬಹುದು. ಅದು ಬಂದೇ ಇದೆ. ದಿಗ್‌ವ್ರತದ ಅತಿಚಾರಗಳನ್ನು ವಿವರಿಸುವಾಗ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಊರ್ಧ್ವದಿಕ್ಕಿನ ಮಿತಿ ಮೀರುವುದಕ್ಕೆ ಪರ್ವತವನ್ನೇರುವುದನ್ನೂ, ಅಧೋದಿಕ್ಕಿಗೆ ಬಾವಿಗೆ ಇಳಿಯುವುದನ್ನೂ, ತಿರ್ಯಕ್ ದಿಕ್ಕಿಗೆ ಬಿಲವನ್ನು ಹೊಗುವುದನ್ನೂ ಉದಾಹರಣೆಯಾಗಿ ಕೊಟ್ಟಿದ್ದಾರೆ. ಇದರಿಂದ ಬೆಟ್ಟ ಹತ್ತುವುದೇ ದೋಷವೆಂದು ತಿಳಿಯತಕ್ಕದ್ದಲ್ಲ. ತಾನೇ ಹಾಕಿಕೊಂಡ ಎಲ್ಲೆಯನ್ನು ಮರೆತು ಹತ್ತುವುದು ದೋಷ. ಎಲ್ಲೆಯನ್ನೇ ಹಾಕಿಕೊಳ್ಳದವನಿಗೆ ಮೀರುವ ಪ್ರಸಂಗವೂ ಇಲ್ಲ, ವ್ರತವೂ ಇಲ್ಲ.

ಇದಕ್ಕಿಂತ ನೇರವಾಗಿ ವಿಷಯವನ್ನು ಮುಟ್ಟುವುದು ಅನರ್ಥದಂಡವ್ರತ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆ ಯಾವುದೆಂದು ಹೇಳುವಾಗ, ಫಲವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಕಲಕುವುದು, ಬೆಂಕಿ ಹೊತ್ತಿಸುವುದು, ಸಸ್ಯವನ್ನು ಕಡಿಯುವುದು ಇವುಗಳ ಸಾಲಿನಲ್ಲಿ ‘ಸರಣ’ ಮತ್ತು ‘ಸಾರಣ’ ಎಂಬ ಎರಡು ಶಬ್ದಗಳನ್ನು ಇರಿಸಿದ್ದಾರೆ. ಸರಣವೆಂದರೆ ಸುಮ್ಮನೆ ತಿರುಗಾಡುವುದು. ಸಾರಣವೆಂದರೆ ಇತರರನ್ನು ತಿರುಗಾಡಿಸುವುದು. ಇಂದಿನ ಮಾರ್ಗದರ್ಶಿಯ ಉದ್ಯೋಗಕ್ಕೆ ಇದಕ್ಕಿಂತ ಚೊಕ್ಕವಾದ ಹೆಸರು ದೊರಕಲಾರದು. ಮೂವತ್ತು ಜನರನ್ನು ಕರೆದೊಯ್ದವನು ಎರಡು ಪಾದಗಳ ಲೆಕ್ಕವನ್ನಲ್ಲ, ಅರವತ್ತೆರಡು ಪಾದಗಳ ಲೆಕ್ಕವನ್ನು ಒಪ್ಪಿಸಬೇಕಾಗುತ್ತದೆ. ಶುಲ್ಕವನ್ನು ಮಾತ್ರ ತಾನು ಇಟ್ಟುಕೊಂಡು ಹೆಜ್ಜೆಯ ಹೊಣೆಯನ್ನು ಹೆಜ್ಜೆಯಿಟ್ಟವರ ಮೇಲೆ ಹೊರಿಸುವ ಖಾತೆಯನ್ನು ಯಾವ ಪ್ರಾಮಾಣಿಕ ವರ್ತಕನೂ ಬರೆಯಲಾರ.

ಆದರೆ ಆಚಾರ್ಯರು ‘ವಿಫಲ’ ಎಂಬ ವಿಶೇಷಣವನ್ನು ಬಳಸಿರುವುದನ್ನು ಗಮನಿಸಬೇಕು. ಹಾಗಾದರೆ ಬೆಟ್ಟದ ನಡಿಗೆಗೆ ಫಲ ಯಾವುದು? ಶ್ರವಣಬೆಳಗೊಳದ ಉದಾಹರಣೆ ಇಲ್ಲಿ ಉಪಯುಕ್ತ. ಬಿ. ಎಲ್. ರೈಸ್ ಅವರು 1889ರಲ್ಲಿ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಅವು 500 ಆದವು. 1973ರ ಆವೃತ್ತಿಯಲ್ಲಿ 573. ಅವುಗಳಲ್ಲಿ 271 ಚಂದ್ರಗಿರಿಯೊಂದರ ಮೇಲೆಯೇ ಇವೆ. ಬಂಡೆಯಿಂದ ಬಂಡೆಗೆ ಬಿಸಿಲಿನಲ್ಲಿ ಅಲೆಯದೆ ಇವು ಸಿಕ್ಕವಲ್ಲ. ಆ ಅಲೆದಾಟವನ್ನು ಯಾರೂ ಪ್ರಮಾದಚರ್ಯೆ ಎನ್ನಲಾರರು. ಅನೇಕ ಬರಹಗಳಿರುವುದು ಬರಿಯ ನೆಲಬಂಡೆಯ ಮೇಲೆ, ಕಾಲಿನ ಕೆಳಗೆ. ಸುಮಾರು ಕ್ರಿ.ಶ. 600ರ ಶಾಸನವು ಆ ಗಿರಿಯಲ್ಲಿ ಸಮಾಧಿಯನ್ನು ಸಾಧಿಸಿದ 700 ಋಷಿಗಳನ್ನು ಸ್ಮರಿಸುತ್ತದೆ. ಇದನ್ನು ಅರಿತವನ ಕಾಲು ತಾನಾಗಿ ಮೆಲ್ಲಗಾಗುತ್ತದೆ. ಚರಿತ್ರೆಯ ತಿಳಿವಳಿಕೆಯಿಂದ ಈರ್ಯಾಸಮಿತಿಯ ಒಂದು ಕಿಂಚಿತ್ ಅಂಶವಾದರೂ ಗೃಹಸ್ಥನ ನಡಿಗೆಗೆ ಬಂದರೆ ಅದೇ ಫಲ. ‘ಇದು ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲೆ’ ಎಂಬಂತಹ ಮಾತುಗಳನ್ನು ಕೇಳಿ ತಲೆದೂಗಿ ಇಳಿದು ಬರುವುದನ್ನು ಚರಿತ್ರೆಯೆಂದು ಕರೆಯುವುದು ಕಷ್ಟ. ಮಧುಗಿರಿಯ ಕಡಿದಾದ ಬಂಡೆಯನ್ನು ಏರುವವರ ಪೈಕಿ, ಅದನ್ನು ಅಳೆದವರು ಯಾರೆಂದು ಕೇಳುವವರು ಎಷ್ಟು ಮಂದಿ?

ನಿಡುಗಲ್ಲಿನ ಚರಿತ್ರೆಯು ವರ್ತಕ ಕುಲದವರಿಗೆ ಇನ್ನೂ ಹತ್ತಿರದ್ದು. ನಿಡುಗಲ್ ಚೋಳರ ಇರುಂಗೋಳನ ಕಾಲದಲ್ಲಿ, 1232ರಲ್ಲಿ, ಗಂಗೆಯನ ಮಾರೆಯನು ಆ ಬೆಟ್ಟದ ಮೇಲೆ ಪಾರ್ಶ್ವಜಿನ ಬಸದಿಯನ್ನು ಕಟ್ಟಿಸಿದನು. ಅದೇ ರಾಜ್ಯದ ಅಮರಾಪುರದಲ್ಲಿ (ಈಗ ಆಂಧ್ರಪ್ರದೇಶದಲ್ಲಿದೆ) 1278ರ ಶಾಸನವೊಂದಿದೆ. ಮಲ್ಲಿಸೆಟ್ಟಿ ಎಂಬವನು ತೈಲಂಗೆರೆಯ ಬಸದಿಯ ಪಾರ್ಶ್ವದೇವರಿಗೆ 2,000 ಅಡಿಕೆ ಮರಗಳನ್ನು ಬಿಟ್ಟ ಸಂಗತಿಯನ್ನು ಅದು ಹೇಳುತ್ತದೆ. ಆ ತೋಟದ ಉತ್ಪನ್ನದಿಂದ ಬಸದಿಯನ್ನು ಕಲ್ಲಿನಲ್ಲಿ ಮರಳಿ ಕಟ್ಟಬೇಕೆಂಬುದು ಉದ್ದೇಶ. ಅಸಲು ಉಳಿದು ಹುಟ್ಟುವಳಿಯಿಂದ ಧರ್ಮ ನಡೆಯುವ ಏರ್ಪಾಡು! ಪ್ರಾಚೀನ ಚರಿತ್ರೆಯನ್ನು ಇಂದು ಮಾರುವವರಿಗೆ ಆ ಸರಕಿನ ಕೊಳ್ಳುಬೆಲೆ ಸೊನ್ನೆ. ಅದನ್ನು ತುಂಬಿಕೊಟ್ಟವರು ಮಾರೆಯನಂಥವರು, ಮಲ್ಲಿಸೆಟ್ಟಿಯಂಥವರು. ಕೊಳ್ಳುಬೆಲೆಯಿಲ್ಲದ ಸರಕಿನಿಂದ ಬರುವ ಲಾಭದಲ್ಲಿ ಬೆಟ್ಟಕ್ಕೂ ಬೆಟ್ಟದ ಬುಡದ ಊರಿಗೂ ಒಂದು ಪಾಲು ಸಲ್ಲಬೇಡವೆ? ಸಲ್ಲದಿದ್ದರೆ ಅದನ್ನು ಅದತ್ತಾದಾನವೆಂದು ಕರೆಯಲು ಶಾಸ್ತ್ರಜ್ಞರು ಹಿಂಜರಿಯಬಹುದು. ಅದರ ನೆರೆಯಲ್ಲಿ ನಿಲ್ಲುವಂಥದೆಂಬುದರಲ್ಲಿ ಸಂಶಯವಿಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು. ವಾರವೆಲ್ಲ ಕಚೇರಿಯಲ್ಲಿ ಕುಳಿತು ದುಡಿಯುವ ತರುಣನು ಭಾನುವಾರ ಬೆಟ್ಟದ ಗಾಳಿಗೆ ಹೋದರೆ ಅದನ್ನೂ ಅನರ್ಥವೆನ್ನುವುದೆ? ದುರ್ವ್ಯಸನಗಳ ಕಡೆಗೆ ಹೋಗುವುದಕ್ಕಿಂತ ಇದು ಮೇಲಲ್ಲವೆ? ಆಕ್ಷೇಪದಲ್ಲಿ ಹುರುಳಿದೆ. ದೇಹದ ಆರೋಗ್ಯವೂ ಮನಸ್ಸಿನ ಶಾಂತಿಯೂ ಅರ್ಥವುಳ್ಳ ಪ್ರಯೋಜನಗಳೇ. ಹಿತಮಿತವಾದ ನಡಿಗೆಯನ್ನು ನಿಂದಿಸುವುದು ಹಠವಾದೀತು. ಆದರೆ ಪ್ರಯೋಜನ ಎಷ್ಟೋ ಅಷ್ಟೇ ಹಿಂಸೆ ಎಂಬ ಅಳತೆಗೋಲನ್ನು ಬಿಡುವಂತಿಲ್ಲ. ಬಂಡೆಯ ದೊಣೆಗಳಲ್ಲಿ ನಿಂತ ಮಳೆನೀರು ಸಣ್ಣ ಸಣ್ಣ ಜೀವಿಗಳ ಮನೆ, ಬೇಸಗೆಯಲ್ಲಿ ಮೃಗಪಕ್ಷಿಗಳ ಜೀವಾಧಾರ. ಅದರಲ್ಲಿ ಇಳಿದು ಮೀಯುವುದರಿಂದ ಯಾವ ಆರೋಗ್ಯ ಹೆಚ್ಚುತ್ತದೆ? ಸೂರ್ಯೋದಯವನ್ನು ನೋಡುವ ಹೆಸರಿನಲ್ಲಿ ನಡುರಾತ್ರಿ ಬೆಟ್ಟ ಹತ್ತಿಸುವ ಪದ್ಧತಿಯು ಇನ್ನೂ ಕೆಟ್ಟದ್ದು. ಈ ಸೀಮೆಯ ಕಲ್ಲುಗವಿಗಳಲ್ಲಿ ಕರಡಿಗಳಿವೆ, ಅವು ಮೇವಿಗೆ ಹೊರಡುವುದು ಇರುಳಿನಲ್ಲಿ. ಕಾಲಿನ ಕೆಳಗೆ ಏನಿದೆಯೆಂದು ಕಾಣದ ಹೊತ್ತಿನಲ್ಲಿ ನಡೆಯುವವನಿಗೆ ಯತ್ನಾಚಾರವೆಂಬುದು ಸಾಧ್ಯವೇ ಇಲ್ಲ.

ಋತುವಿನ ವಿಷಯವೂ ಹಾಗೆಯೇ. ಹಸಿರು ಮೂಡಿದ ಮಳೆಗಾಲವೇ ಚಾರಣಕ್ಕೆ ರಮ್ಯವೆಂದು ಜಾಹೀರಾತುಗಳು ಸಾರುತ್ತವೆ. ಜೀವೋತ್ಪತ್ತಿ ಹೆಚ್ಚುವ ಕಾಲವೆಂದು ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲಸುವುದು ಆ ತಿಂಗಳುಗಳಲ್ಲಿಯೇ. ಜೀವನವೇ ವಿಹಾರವಾದ ಮುನಿಗಳು ಕಾಲು ಕಟ್ಟಿಕೊಂಡು ಕುಳಿತಿರುವಾಗ, ವರುಷವೆಲ್ಲ ಕುಳಿತಿರುವ ಶ್ರಾವಕನು ಕಾಲು ಬಿಚ್ಚಿಕೊಂಡು ಹೊರಡುವುದು ವಿಚಿತ್ರ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ನುಗ್ಗಿದ ಮೇಲೆ ಸರಕಾರವು ಎಚ್ಚತ್ತು, ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯ ಚಾರಣಪಥಗಳಿಗೆ ದಿನಕ್ಕೆ 300 ಜನರೆಂಬ ಮಿತಿಯನ್ನು ಕಂಪ್ಯೂಟರಿನ ಮುಂಗಡ ನೋಂದಣಿಯ ಮೂಲಕ ಜಾರಿಗೆ ತಂದಿತು. ಮಿತಿಯೆಂಬುದು ಹೊರಗಿನಿಂದ ಬಂದಾಗ ಅದು ಕಟ್ಟಳೆ, ತಾನಾಗಿ ಹಾಕಿಕೊಂಡಾಗ ದಿಗ್‌ವ್ರತ. ಮೊದಲನೆಯದನ್ನು ತಪ್ಪಿಸಲು ಬದಲು ದಾರಿಗಳಿರುತ್ತವೆ.

ಮಂದರಗಿರಿಯಂತಹ ಕ್ಷೇತ್ರಗಳ ಟ್ರಸ್ಟುಗಳಿಗೆ ಈ ವಿಚಾರವು ಕೇವಲ ತತ್ತ್ವವಲ್ಲ, ಆಡಳಿತದ ಮಾತು. ಅಲ್ಲಿ ಬುಡದಲ್ಲಿ ಪಿಂಛಿಯ ಆಕಾರದ 81 ಅಡಿಯ ಗುರುಮಂದಿರವಿದೆ, ನಾನೂರಕ್ಕೂ ಹೆಚ್ಚು ಮೆಟ್ಟಿಲುಗಳ ಮೇಲೆ ಪ್ರಾಚೀನ ಬಸದಿಗಳಿವೆ, ಬೆಟ್ಟದ ಹಿಂದೆ ಮೈದಾಳದ ಕೆರೆ. ಕೆರೆಯ ನೋಟಕ್ಕಾಗಿ ಹತ್ತಿದವನು ಚಂದ್ರನಾಥ ಸ್ವಾಮಿಯ ಬಾಗಿಲಲ್ಲಿ ಒಂದು ಕ್ಷಣ ನಿಂತರೆ ನಷ್ಟವೇನಿಲ್ಲ. ಅವನನ್ನು ತಡೆಯುವುದು ಧರ್ಮಪ್ರಭಾವನೆಗೆ ವಿರುದ್ಧ. ಒಬ್ಬೊಬ್ಬರಾಗಿ ಬರುವವರಿಗೆ ಬಾಗಿಲು ತೆರೆದಿರಲಿ. ಹಣ ಪಡೆದು ತಂಡ ತರುವವರ ಬಗೆಗೆ ಮಾತ್ರ ಟ್ರಸ್ಟುಗಳು ಹಗಲು ಹೊತ್ತನ್ನೂ ಜನಸಂಖ್ಯೆಯನ್ನೂ ಗೊತ್ತುಮಾಡಿ, ಶುಲ್ಕದಲ್ಲಿ ಇಷ್ಟು ಪಾಲು ಮೆಟ್ಟಿಲು ಮತ್ತು ಬಸದಿಗಳ ದುರಸ್ತಿಗೆಂದು ಬರೆಸಿಕೊಳ್ಳಬೇಕು. ಕ್ಷೇತ್ರದ ಕಥೆಯನ್ನು ಬುಡದಲ್ಲಿಯೇ, ಹತ್ತುವ ಮೊದಲೇ ಹೇಳಿ ಮುಗಿಸಬೇಕೆಂದು ಮಾರ್ಗದರ್ಶಿಗೆ ತಿಳಿಸಬೇಕು. ಹತ್ತುತ್ತ ಆಡುವ ಮಾತಿನಿಂದ ಕಣ್ಣು ಮೆಟ್ಟಿಲನ್ನು ಬಿಟ್ಟು ಮಾತಾಡುವವನ ಮುಖದ ಮೇಲೆ ಇರುತ್ತದೆ.